ಹತ್ತು ಗಿಡ ನೋಡಿ ತಳಿ ಶುದ್ಧವೆನ್ನಬಹುದೇ?

ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಎರಡನೇ ಪೀಳಿಗೆಯ ಗಿಡಗಳನ್ನು ಎಣಿಸಲು ಬರುವ ವಿದ್ಯಾರ್ಥಿಗಳು ಪ್ರಬಲ ಗುಣದ ಗಿಡ ಮೂರಕ್ಕೆ ದುರ್ಬಲ ಗುಣದ್ದು ಒಂದು ಎಂಬ ಲೆಕ್ಕ ಬರದಿದ್ದರೆ ಕೂಡಲೇ ಗಾಬರಿಯಾಗುತ್ತಾರೆ. ಜೋಳದ ಎಲೆಯ ನಡುನರ ಒಣಗಿ ಬೆಳ್ಳಗಿರುವುದು ಪ್ರಬಲ ಗುಣ, ರಸ ತುಂಬಿ ಮಂಕಾಗಿರುವುದು ದುರ್ಬಲ ಗುಣ. ಇದು ಒಂದೇ ವಂಶವಾಹಿಯ ವ್ಯವಹಾರವಾದ್ದರಿಂದ, ಎರಡೂ ಗುಣಗಳ ಅಂಶವಿದ್ದರೂ ಪ್ರಬಲ ಗುಣವನ್ನೇ ತೋರುವ ಮಿಶ್ರ ಗಿಡವೊಂದು ಸ್ವಪರಾಗದಿಂದ ಕಾಳು ಕಟ್ಟಿದಾಗ ಪ್ರತಿ ಕಾಳಿನಿಂದ ರಸನರದ ಗಿಡ ಹುಟ್ಟುವ ಸಂಭವನೀಯತೆ 0.25. ನಲವತ್ತು ಗಿಡಗಳಲ್ಲಿ ಹತ್ತರ ಬದಲು ಆರೇ ಸಿಕ್ಕವು ಎನ್ನೋಣ. ಆಗ ಪ್ರಯೋಗದ ಅಂದಾಜು 0.15 ಆಗುತ್ತದೆ ನಿಜ. ಆದರೆ ಇಂತಹ ಎಣಿಕೆಯ ಮಾನಕ ವಿಚಲನೆಯೇ, ಅಂದರೆ ಸರಾಸರಿಯಿಂದ ಆಚೀಚೆ ಸರಿಯುವ ಸಾಮಾನ್ಯ ಅಳತೆಯೇ, ಸುಮಾರು 2.7 ಗಿಡವಾದ್ದರಿಂದ, ಹತ್ತರಿಂದ ಅದರ ಸುಮಾರು ಎರಡು ಪಟ್ಟು ಆಚೀಚೆ, ಅಂದರೆ ಐದರಿಂದ ಹದಿನೈದರವರೆಗೆ ಎಷ್ಟು ಬಂದರೂ ನಿಯಮವನ್ನು ಅನುಮಾನಿಸಲು ಕಾರಣವಿಲ್ಲ.

1866ರಲ್ಲಿ ಪ್ರಕಟವಾದ ಬಟಾಣಿ ಪ್ರಬಂಧದಲ್ಲಿ, ಈ ಅನುವಂಶೀಯ ನಿಯಮವನ್ನು ಕಂಡುಕೊಂಡ ಮೆಂಡೆಲ್ ಈ ಏರಿಳಿತವನ್ನು ಮುಚ್ಚಿಟ್ಟಿಲ್ಲ. ಒಂದು ಗಿಡದಲ್ಲಿ 43 ದುಂಡು ಕಾಳಿಗೆ ದುರ್ಬಲ ಗುಣದ ಸುಕ್ಕುಗಾಳು ಕೇವಲ 2, ಇನ್ನೊಂದರಲ್ಲಿ 14ಕ್ಕೆ 15. ಎಲ್ಲ ಗಿಡಗಳ 7,324 ಕಾಳುಗಳನ್ನು ಒಟ್ಟುಗೂಡಿಸಿದಾಗ ಮಾತ್ರ ಸುಕ್ಕುಗಾಳು 1,850, ಅಂದರೆ 0.2526 ಆಯಿತು. ದೋಷವನ್ನು ಅರ್ಧಕ್ಕಿಳಿಸಲು ಗಿಡಗಳು ನಾಲ್ಕು ಪಟ್ಟು ಬೇಕು. ಹೊರಗಿನ ಪರಾಗ ಸೋಕದಂತೆ ತೆನೆತೆನೆಗೂ ಚೀಲ ಕಟ್ಟಿಸುವ ಕೂಲಿಯ ಲೆಕ್ಕ ಬರೆದವರಿಗೆ ಈ ವರ್ಗಮೂಲದ ಭಾರ ಚೆನ್ನಾಗಿ ಗೊತ್ತು.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಬೇರೆ ಕಡೆ ಇದೆ. ಪ್ರಬಲ ಗುಣದ ಗಿಡ ಶುದ್ಧವೋ ಮಿಶ್ರವೋ ಎಂದು ತಿಳಿಯಲು ಮೆಂಡೆಲ್ ಕೆಲವು ಗುಣಗಳಿಗೆ ಪ್ರತಿ ಗಿಡದಿಂದ ಹತ್ತು ಬೀಜ ಬಿತ್ತಿದರು. ಹತ್ತರಲ್ಲೂ ದುರ್ಬಲ ಗುಣ ಕಾಣದಿದ್ದರೆ ಅದನ್ನು ಶುದ್ಧದ ಪಟ್ಟಿಗೆ ಸೇರಿಸಿದರು. ಆದರೆ ಮಿಶ್ರ ಗಿಡದ ಹತ್ತು ಮರಿಗಳೂ ಪ್ರಬಲವಾಗಿಯೇ ಬರುವ ಸಂಭವನೀಯತೆ 0.75ರ ಹತ್ತನೇ ಘಾತ, ಅಂದರೆ 0.056. ನೂರು ಮಿಶ್ರ ಗಿಡಗಳಲ್ಲಿ ಐದಾರು ಹೀಗೆ ಶುದ್ಧದ ವೇಷದಲ್ಲಿ ನುಸುಳುತ್ತವೆ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು.

ಆದ್ದರಿಂದ ತಳಿಶುದ್ಧತೆಯ ಪರೀಕ್ಷೆಗೆ ಹತ್ತು ಗಿಡ ಸಾಕೆಂದು ನಾನು ಒಪ್ಪುವುದಿಲ್ಲ. ತಪ್ಪುವ ಸಂಭವನೀಯತೆ ನೂರಕ್ಕೆ ಐದಕ್ಕಿಂತ ಕಡಿಮೆಯಾಗಲು 11, ಒಂದಕ್ಕಿಂತ ಕಡಿಮೆಯಾಗಲು 17 ಗಿಡ ಬೇಕು. ಹದಿನಾರಕ್ಕೆ ನಿಲ್ಲಿಸಿದರೆ ಗಡಿ ಕೂದಲೆಳೆಯಷ್ಟರಲ್ಲಿ ತಪ್ಪುತ್ತದೆ. ಈ ಹದಿನೇಳು ಬಿತ್ತಿದ ಕಾಳಿನ ಸಂಖ್ಯೆಯಲ್ಲ, ನಡುನರ ನೋಡುವ ದಿನ ನಿಂತಿರುವ ಗಿಡಗಳ ಸಂಖ್ಯೆ. ಎಳೆ ಸಸಿಗಳ ಸುಳಿ ಒಣಗಿಸುವ ಸುಳಿನೊಣದ ಪಾಲನ್ನು ಬಿತ್ತುವಾಗಲೇ ಸೇರಿಸಿಕೊಳ್ಳಬೇಕು.