ಪ್ರೊಸೆಸರ್ ಮಲಗಿರುವಾಗ ದೀಪ ಉಸಿರಾಡಬೇಕು

ಕೆಲವು ವರ್ಷಗಳ ಹಿಂದಿನ ಫೋನುಗಳಲ್ಲಿ ಪರದೆಯ ಮೇಲಂಚಿಗೆ ಸಾಸಿವೆ ಕಾಳಿನಷ್ಟು ಒಂದು ದೀಪ ಇರುತ್ತಿತ್ತು. ರಾತ್ರಿ ಮೆಸೇಜ್ ಬಂದಿದ್ದರೆ ಅದು ಮೆಲ್ಲಗೆ ಬೆಳಗಿ, ಮೆಲ್ಲಗೆ ಆರಿ, ನಿದ್ದೆಹೋದ ಮಗುವಿನ ಎದೆಯ ಹಾಗೆ ಏರಿಳಿಯುತ್ತಿತ್ತು. ಪರದೆ ಕಪ್ಪಾಗಿದೆ, ಫೋನ್ ಗಾಢ ನಿದ್ದೆಯಲ್ಲಿದೆ. ಹಾಗಿದ್ದರೆ ಈ ದೀಪವನ್ನು ಏರಿಸಿ ಇಳಿಸುತ್ತಿರುವವರು ಯಾರು?

ಮೊದಲು ದೀಪ ಮಂದವಾಗುವ ಬಗೆ. ಎಲ್‌ಇಡಿಗೆ ಕಡಿಮೆ ಕರೆಂಟ್ ಕೊಟ್ಟು ಮಂದ ಮಾಡಬಹುದು, ಆದರೆ ಅದಕ್ಕಿಂತ ಸುಲಭದ ಉಪಾಯ ಅದನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ಹಚ್ಚಿ ಆರಿಸುವುದು. ಸೆಕೆಂಡಿಗೆ ನೂರಾರು ಸಲ ಹೀಗೆ ಮಾಡಿದರೆ ಕಣ್ಣು ಸರಾಸರಿಯನ್ನಷ್ಟೇ ಕಾಣುತ್ತದೆ. ಪ್ರತಿ ಸುತ್ತಿನಲ್ಲಿ ಕಾಲು ಭಾಗ ಹೊತ್ತಿ ಮುಕ್ಕಾಲು ಭಾಗ ಆರಿದ್ದರೆ ಹೊಮ್ಮುವ ಬೆಳಕೂ ಕಾಲು ಭಾಗ. ಇದೇ ಪಲ್ಸ್ ವಿಡ್ತ್ ಮಾಡ್ಯುಲೇಶನ್, ಎಂಜಿನಿಯರುಗಳ ಬಾಯಲ್ಲಿ ಪಿಡಬ್ಲ್ಯೂಎಂ. ರಾತ್ರಿ ಹೊತ್ತು ಕಾರುಗಳ ಹಿಂದಿನ ಕೆಂಪು ದೀಪದ ವಿಡಿಯೋ ತೆಗೆದಾಗ ಕೆಲವೊಮ್ಮೆ ಅದು ಪಟಪಟ ಮಿಟುಕುತ್ತದಲ್ಲ, ಕಣ್ಣಿಂದ ಮರೆಯಾಗಿದ್ದ ಆಟವನ್ನು ಕ್ಯಾಮೆರಾ ಹಿಡಿದುಹಾಕುವುದು ಅಲ್ಲಿ.

ಈ ಹಚ್ಚಿ-ಆರಿಸುವ ಕೆಲಸವನ್ನು ಬಹುಮಟ್ಟಿಗೆ ಎಲ್ಲ ಚಿಪ್‌ಗಳಲ್ಲೂ ಒಂದು ಪುಟ್ಟ ಸರ್ಕ್ಯೂಟ್ ನೋಡಿಕೊಳ್ಳುತ್ತದೆ. ಆಪರೇಟಿಂಗ್ ಸಿಸ್ಟಂ ಎರಡು ಸಂಖ್ಯೆ ಬರೆದಿಟ್ಟರೆ ಸಾಕು: ಒಂದು ಸುತ್ತು ಎಷ್ಟು ಹೊತ್ತು, ಅದರಲ್ಲಿ ಎಷ್ಟು ಹೊತ್ತು ಹೊತ್ತಿರಬೇಕು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಇವೆರಡನ್ನೂ ನ್ಯಾನೋಸೆಕೆಂಡಿನಲ್ಲಿ ಅಳೆಯುತ್ತದೆ. ಸ್ಥಿರವಾದ ಬೆಳಕು ಬೇಕಿದ್ದರೆ ಕತೆ ಇಲ್ಲಿಗೇ ಮುಗಿಯಿತು.

ಉಸಿರಾಡುವ ಬೆಳಕಿಗೆ ಇಷ್ಟು ಸಾಲದು, ಯಾಕೆಂದರೆ ಆ ಎರಡನೆಯ ಸಂಖ್ಯೆಯೇ ಬದಲಾಗುತ್ತಿರಬೇಕು. ಬದಲಾಯಿಸುವುದು ಸಾಫ್ಟ್‌ವೇರ್ ಆದರೆ ಲೆಕ್ಕ ದುಬಾರಿ. ಲಿನಕ್ಸ್‌ನಲ್ಲಿ ಈ ಕೆಲಸಕ್ಕಿರುವ ಸಾಫ್ಟ್‌ವೇರ್ ದಾರಿ, ಬೆಳಕು ಏರುವಾಗಲೂ ಇಳಿಯುವಾಗಲೂ ಪ್ರತಿ 50 ಮಿಲಿಸೆಕೆಂಡಿಗೊಮ್ಮೆ ಹೊಸ ಬೆಲೆ ಬರೆಯುತ್ತದೆ. ಸೆಕೆಂಡಿಗೆ 20 ಸಲ, ಗಂಟೆಗೆ 72,000 ಸಲ. ಎಂಟು ಗಂಟೆಯ ನಿದ್ದೆಯಲ್ಲಿ ಪ್ರೊಸೆಸರನ್ನು ಐದೂಮುಕ್ಕಾಲು ಲಕ್ಷ ಸಲ ಎಬ್ಬಿಸಿದರೆ ಅದನ್ನು ನಿದ್ದೆ ಎನ್ನಲಾದೀತೆ? ಪ್ರೊಸೆಸರ್ ಪೂರ್ತಿ ಮಲಗಿಬಿಟ್ಟರೋ, ದೀಪ ಯಾವ ಮಟ್ಟದಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ.

ನಮ್ಮ ಹಳ್ಳಿಗಳ ರೈತರಿಗೆ ಇದು ಹೊಸ ಸಮಸ್ಯೆಯಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಎರಡು ಗಂಟೆಗೆ ಬಂದರೆ ಎದ್ದು ಹೋಗಿ ಮೋಟರು ಹಾಕಬೇಕು; ಅದಕ್ಕೇ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಕೂರಿಸುತ್ತಾರೆ. ಮಲಗುವ ಮುಂಚೆ ಅದನ್ನು ಆಟೋಗೆ ಹಾಕಿದರೆ ಆಯಿತು, ಕರೆಂಟ್ ಬಂದಾಗ ಅದೇ ಮೋಟರು ಶುರು ಮಾಡುತ್ತದೆ. ಚಿಪ್ ಮಾಡುವವರೂ ಮಾಡಿದ್ದು ಇದನ್ನೇ. ಬೆಳಕಿನ ಏರಿಳಿತದ ಇಡೀ ವಿನ್ಯಾಸವನ್ನು ನೆನಪಿಟ್ಟುಕೊಂಡು ತಾನೇ ನಡೆಸುವ ಸರ್ಕ್ಯೂಟನ್ನು ಕೂರಿಸಿದರು. ಡ್ರೈವರ್, ಅಂದರೆ ಆ ಚಿಪ್ ಜೊತೆ ಮಾತಾಡುವ ಕರ್ನಲ್‌ನ ತುಣುಕು, ಒಮ್ಮೆ ಹೇಳಿ ಮಲಗಬಹುದು.

ತೊಡಕು ಶುರುವಾಗುವುದೇ ಇಲ್ಲಿ. ಒಬ್ಬೊಬ್ಬರ ಸ್ಟಾರ್ಟರಿಗೆ ಒಂದೊಂದು ಬಗೆಯ ತಿರುಗುಗುಂಡಿ.

2009ರಲ್ಲಿ ಬಂದ ನೋಕಿಯಾ ಎನ್900 ಫೋನಿನಲ್ಲಿ ಎಲ್‌ಪಿ5523 ಎಂಬ ದೀಪದ ಚಿಪ್ ಇತ್ತು. ಅದಕ್ಕೆ ಒಂಬತ್ತು ದೀಪಗಳನ್ನು ಜೋಡಿಸಬಹುದು, ಒಳಗೆ ಮೂರು ಪುಟಾಣಿ ಎಂಜಿನ್‌ಗಳು. ಪ್ರತಿಯೊಂದಕ್ಕೂ ‘ಏರಿಸು’, ‘ಕಾಯಿ’, ‘ಮತ್ತೆ ಮೊದಲಿನಿಂದ’ ಎಂಬಂಥ ಆದೇಶಗಳ ಪ್ರೋಗ್ರಾಂ ಬರೆಯಬಹುದು, ಅಂದರೆ ಫೋನಿನೊಳಗೆ ದೀಪಕ್ಕೇ ಮೀಸಲಾದ ಇನ್ನೊಂದು ಕಂಪ್ಯೂಟರ್! ಆ ಪ್ರೋಗ್ರಾಮನ್ನು ಅಂಕಿಗಳ ಸಾಲಾಗಿ ಕರ್ನಲ್‌ಗೆ ಕೊಟ್ಟರೆ ಅದು ಅರ್ಥ ಕೇಳದೆ ಚಿಪ್‌ಗೆ ದಾಟಿಸುತ್ತಿತ್ತು. ಶಕ್ತಿಗೇನೂ ಕೊರತೆಯಿಲ್ಲ, ಆದರೆ ಆ ಅಂಕಿಗಳಿಗೆ ಬೇರೆ ಚಿಪ್‌ನಲ್ಲಿ ಕಿಲುಬು ಕಾಸಿನ ಬೆಲೆಯಿಲ್ಲ.

ಇನ್ನೊಂದು ತುದಿಯಲ್ಲಿ ಸ್ಪ್ರೆಡ್‌ಟ್ರಮ್ ಕಂಪನಿಯ ಎಸ್‌ಸಿ27ಎಕ್ಸ್‌ಎಕ್ಸ್ ಚಿಪ್‌ಗಳು. ಇವಕ್ಕೆ ಗೊತ್ತಿರುವುದು ನಾಲ್ಕೇ ಹಂತ: ಏರುವುದು, ಮೇಲೆ ನಿಲ್ಲುವುದು, ಇಳಿಯುವುದು, ಕೆಳಗೆ ನಿಲ್ಲುವುದು. ಪ್ರತಿ ಹಂತದ ಅವಧಿಯೂ 125 ಮಿಲಿಸೆಕೆಂಡಿನ ಮಗ್ಗಿಯಲ್ಲೇ ಇರಬೇಕು, ಹೆಚ್ಚೆಂದರೆ 31,875. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ತಲೆ ಕೆರೆದುಕೊಳ್ಳಬೇಡಿ, 125ನ್ನು 255ರಿಂದ ಗುಣಿಸಿ ನೋಡಿ. ಎಂಟು ಬಿಟ್‌ನಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 255.

ಇವೆರಡರ ನಡುವೆ ಕ್ವಾಲ್ಕಾಂನವರ ಎಲ್‌ಪಿಜಿ; ಅಡುಗೆ ಅನಿಲವಲ್ಲ, ಲೈಟ್ ಪಲ್ಸ್ ಜನರೇಟರ್ ಎಂಬ ಸರ್ಕ್ಯೂಟ್. ಇದು ಮುಖ್ಯ ಪ್ರೊಸೆಸರಿನಲ್ಲಿಲ್ಲ, ಬ್ಯಾಟರಿಯ ಕರೆಂಟ್ ಹಂಚುವ ಚಿಪ್‌ನಲ್ಲಿದೆ. ಮನೆಯವರೆಲ್ಲ ಮಲಗಿದರೂ ಎಚ್ಚರವಿರುವ ಕಾವಲುಗಾರ ಆ ಚಿಪ್, ದೀಪ ಕಾಯಲು ಅದಕ್ಕಿಂತ ತಕ್ಕ ಜಾಗವಿಲ್ಲ. ಇಲ್ಲಿ ಬೆಳಕಿನ ಮಟ್ಟಗಳ ಒಂದು ಪಟ್ಟಿ ಇರುತ್ತದೆ, ಕೆಲವು ಮಾದರಿಗಳಲ್ಲಿ 64 ಸಾಲು, ಕೆಲವದರಲ್ಲಿ ಬರೀ 24. ಆ ಸಾಲುಗಳನ್ನು ಚಿಪ್‌ನ ದೀಪಗಳೆಲ್ಲ ಹಂಚಿಕೊಳ್ಳಬೇಕು. ಎಲ್ಲ ಮೆಟ್ಟಿಲಿಗೂ ಒಂದೇ ಅವಧಿ, ತುದಿಯ ಮೆಟ್ಟಿಲುಗಳಲ್ಲಿ ಮಾತ್ರ ತುಸು ಹೆಚ್ಚು ಹೊತ್ತು ನಿಲ್ಲಬಹುದು. ವಿನ್ಯಾಸ ‘ವಿಕಟಕವಿ’ಯಂತೆ ಎರಡೂ ಕಡೆಯಿಂದ ಒಂದೇ ಆಗಿದ್ದರೆ ಡ್ರೈವರ್ ಅರ್ಧವನ್ನಷ್ಟೇ ಪಟ್ಟಿಗೆ ತುಂಬಿ, ಹೋಗಿ ಹಿಂತಿರುಗಿ ಬಾ ಎಂದು ಚಿಪ್‌ಗೆ ಹೇಳುತ್ತದೆ. ಸಾಲುಗಳು ಅರ್ಧಕ್ಕರ್ಧ ಉಳಿದವು. ಈ ಜಾಣತನ ನನಗೆ ಬಹಳ ಇಷ್ಟ.

ಮೂವರಿಗೂ ಒಂದೇ ಭಾಷೆಯಲ್ಲಿ ಮಾತಾಡುವುದು ಹೇಗೆ? 2018ರ ಕೊನೆಗೆ ಬಂದ ಲಿನಕ್ಸ್ 4.20 ಇದಕ್ಕೊಂದು ಸರಳ ಬರವಣಿಗೆ ತಂದಿತು: ಬೆಳಕು, ಅವಧಿ, ಬೆಳಕು, ಅವಧಿ. ‘0 1000 255 2000’ ಎಂದರೆ ಕತ್ತಲೆಯಿಂದ ಪೂರ್ಣ ಬೆಳಕಿಗೆ ಒಂದು ಸೆಕೆಂಡಿನಲ್ಲಿ ಏರು, ಎರಡು ಸೆಕೆಂಡಿನಲ್ಲಿ ಇಳಿ. ಚಿಕ್ಕ ಮಕ್ಕಳಿಗೂ ಹೇಳಿಕೊಡಬಹುದು. ಆದರೆ ಇದನ್ನು ಬರೆಯಲು ಎರಡು ಬೇರೆ ಕಡತಗಳನ್ನಿಟ್ಟರು. ಒಂದಕ್ಕೆ ಬರೆದರೆ ಸಾಫ್ಟ್‌ವೇರ್ ನಡೆಸುತ್ತದೆ, ಇನ್ನೊಂದಕ್ಕೆ ಬರೆದರೆ ಹಾರ್ಡ್‌ವೇರ್. ಕರ್ನಲ್ ತಾನೇ ನೋಡಿ ಆರಿಸಿದರಾಗದೇ ಎಂದು ನನಗೂ ಮೊದಲು ಅನ್ನಿಸಿತ್ತು. ಆಗದು. ಒಂದೇ ಬರಹಕ್ಕೆ ಒಂದೊಂದು ಚಿಪ್ ಒಂದೊಂದು ಅರ್ಥ ಕೊಡಬಲ್ಲದು, ಆದ್ದರಿಂದ ತನ್ನ ಹಾರ್ಡ್‌ವೇರ್ ಏನನ್ನು ಒಪ್ಪುತ್ತದೆ ಎಂಬುದನ್ನು ಪ್ರತಿ ಡ್ರೈವರೂ ಬಿಚ್ಚಿ ಬರೆದಿಡಬೇಕು ಎಂಬುದು ನಿಯಮ. ಎಲ್ಲವೂ ಒಂದೇ ಎಂದು ಸುಳ್ಳು ಹೇಳುವುದಕ್ಕಿಂತ ಇದು ವಾಸಿ.

ಇದರ ಪರಿಣಾಮ ಎಲ್‌ಪಿಜಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆ ಸಾಮಾನ್ಯ ಭಾಷೆಯಲ್ಲಿ ಎರಡು ಮಟ್ಟಗಳ ನಡುವೆ ಬೆಳಕು ಜಾರಬೇಕು, ಎಲ್‌ಪಿಜಿಯೋ ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತದೆ. ಹಾಗಾಗಿ ಪ್ರತಿ ಮಟ್ಟವನ್ನೂ ಎರಡು ಸಲ ಬರೆಯಬೇಕು, ಎರಡನೆಯ ಸಲ ಸೊನ್ನೆ ಅವಧಿಯೊಂದಿಗೆ: ‘0 500 0 0 255 500 255 0’. ನೋಡಲು ಗೋಜಲು, ಅರ್ಥ ಮಾತ್ರ ಖಚಿತ. ನಾಲ್ಕು ಹಂತದ ಚಿಪ್‌ಗೆ ಇಲ್ಲದ ಒಂದು ಅನುಕೂಲವೂ ಈ ಪಟ್ಟಿಯಲ್ಲಿದೆ. ನಮ್ಮ ಕಣ್ಣಿಗೆ ಕತ್ತಲೆಯಲ್ಲಿ ಚೂರು ಬೆಳಕು ಹೆಚ್ಚಿದರೂ ದೊಡ್ಡದಾಗಿ ಕಾಣುತ್ತದೆ, ಪ್ರಖರವಾಗಿರುವಾಗ ಅಷ್ಟೇ ಹೆಚ್ಚಳ ಗೊತ್ತೇ ಆಗುವುದಿಲ್ಲ. ಸಮಸಮವಾಗಿ ಏರಿಸಿದ ದೀಪ ಮೊದಲು ದಿಢೀರನೆ ಹೊತ್ತಿ ಆಮೇಲೆ ಸುಮ್ಮನೆ ನಿಂತಂತೆ ಕಾಣುವುದು ಇದರಿಂದಲೇ. ಕೆಳಗಿನ ಮೆಟ್ಟಿಲುಗಳನ್ನು ಸಣ್ಣದಾಗಿಯೂ ಮೇಲಿನವನ್ನು ದೊಡ್ಡದಾಗಿಯೂ ಕಡೆದರೆ ಉಸಿರು ಉಸಿರಿನ ಹಾಗೆ ಕಾಣುತ್ತದೆ.

ಕೆಂಪು, ಹಸಿರು, ನೀಲಿ ಸೇರಿದ ದೀಪವಾದರೆ ಇನ್ನೊಂದು ಕಷ್ಟ. ಮೂರನ್ನೂ ಒಂದೊಂದಾಗಿ ಶುರು ಮಾಡಿದರೆ ಹೆಜ್ಜೆ ತಪ್ಪಿ ಬಣ್ಣ ಕಲಸುಮೇಲೋಗರ. ಅದಕ್ಕೇ ಡ್ರೈವರ್ ಮೂರಕ್ಕೂ ಒಟ್ಟಿಗೇ ‘ಹೊರಡಿ’ ಎನ್ನಬೇಕು.

ಎಲ್‌ಪಿಜಿಯ ಡ್ರೈವರನ್ನು ಮೊದಲು ಪರಿಶೀಲನೆಗೆ ಕಳಿಸಿದ್ದು 2017ರಲ್ಲಿ, ಅದು ಕರ್ನಲ್ ಸೇರಿದ್ದು 2022ರ 5.19 ಆವೃತ್ತಿಯಲ್ಲಿ. ಅಷ್ಟರಲ್ಲಿ ಹೆಚ್ಚಿನ ಹೊಸ ಫೋನುಗಳಿಂದ ಆ ಸಾಸಿವೆ ಕಾಳಿನ ದೀಪವೇ ಮಾಯವಾಗಿತ್ತು. ಹಳೆಯ ಫೋನುಗಳಿಗೆ ಲಿನಕ್ಸ್ ಹಾಕಿ ಮರುಜೀವ ಕೊಡುವ ಹವ್ಯಾಸಿಗಳು ಮಾತ್ರ ಈಗಲೂ ಆ ಕಡತಕ್ಕೆ ಎಂಟು ಸಂಖ್ಯೆ ಬರೆದು, ಪರದೆ ಆರಿಸಿ, ದೀಪ ಹೊತ್ತುತ್ತದೋ ಎಂದು ಕಾದು ನೋಡುತ್ತಾರೆ.