ಸೈಟ್ ತೆರೆಯುತ್ತಿಲ್ಲ ಅಂದರೆ ಸರ್ಕಾರವೇ ಬಂದ್ ಮಾಡಿದೆಯೇ?

ಪ್ರಶ್ನೆ: ಗ್ರಹಣದ ಬಗ್ಗೆ ಓದಲಿಕ್ಕೆ ನಾಸ್ತಿಕರ ಒಂದು ವೆಬ್‌ಸೈಟ್ ಹುಡುಕಿದೆ. ನನ್ನ ಮೊಬೈಲ್‌ನ್ಯಾಗ ತೆರೀವಲ್ದು, ಗೆಳೆಯನ ಮೊಬೈಲ್‌ನ್ಯಾಗ ತೆರೀತದ. ದೇವರಿಲ್ಲ ಅಂತ ಬರೆದದ್ದಕ್ಕ ಸರ್ಕಾರ ಬಂದ್ ಮಾಡ್ಯದೇನ್ರಿ? ಮಾಡಿದ್ದರ ಯಾರಿಗೆ ಕೇಳಬೇಕು? (ಶಹಾಪುರದ ಓದುಗರು, ಯಾದಗಿರಿ ಜಿಲ್ಲೆ)

ಉತ್ತರ: ಗೆಳೆಯನ ಮೊಬೈಲ್‌ನಲ್ಲಿ ತೆರೆಯುತ್ತದೆ ಎಂಬ ಮಾತಿನಲ್ಲೇ ಅರ್ಧ ಉತ್ತರ ಇದೆ. ಸೈಟ್ ಜೀವಂತ ಇದೆ, ತಡೆ ದಾರಿಯಲ್ಲಿದೆ. ಆ ತಡೆ ಯಾರದು ಎಂದು ಗೊತ್ತಾಗದೆ ಅರ್ಜಿ ಬರೆಯಲು ಕೂತರೆ ಅರ್ಜಿ ತಪ್ಪು ಕಚೇರಿಗೆ ಹೋಗುತ್ತದೆ.

ನೀವು ಕಾಲೇಜಿನ ಅಥವಾ ಗ್ರಂಥಾಲಯದ ವೈಫೈನಲ್ಲಿದ್ದೀರಾ? ಅಲ್ಲಿನ ಫೈರ್‌ವಾಲ್, ಅಂದರೆ ಯಾವ ಸೈಟ್ ಬಿಡಬೇಕು ಎಂದು ನಿರ್ಧರಿಸುವ ವ್ಯವಸ್ಥೆ, ಸೈಟ್‌ಗಳನ್ನು ಜೂಜು, ಅಶ್ಲೀಲ, ಧರ್ಮ ಎಂದು ಗುಂಪು ಮಾಡಿಟ್ಟಿರುತ್ತದೆ. ಒಂದು ಗುಂಪಿಗೆ ಟಿಕ್ ಹಾಕಿದರೆ ಅದರೊಳಗಿನದ್ದೆಲ್ಲ ಬಂದ್. ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿ. ತೆರೆದರೆ ದೆಹಲಿಗೆ ಬರೆಯುವುದು ಬೇಡ, ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರಿಗೆ ಸೈಟ್‌ನ ವಿಳಾಸ ಬರೆದುಕೊಟ್ಟು ಬಿಡಿಸಿ ಎಂದು ಕೇಳಿದರೆ ಆಯಿತು.

ಡೇಟಾದಲ್ಲೂ ತೆರೆಯದಿದ್ದರೆ ಬ್ರೌಸರ್ ಏನು ಹೇಳುತ್ತಿದೆ ಎಂದು ಅಕ್ಷರ ಬಿಡದೆ ಓದಿ. 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಎಂದಿದ್ದರೆ ಬಹಳ ಸಲ ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಪ್ರಮಾಣಪತ್ರವನ್ನು ಸೈಟಿನವರೇ ನವೀಕರಿಸಿರುವುದಿಲ್ಲ (ಉಚಿತವಾಗಿ ಸಿಗುವಂಥದ್ದು ಸಾಮಾನ್ಯವಾಗಿ 90 ದಿನದ್ದು), ಇಲ್ಲವೇ ನಿಮ್ಮ ಫೋನಿನ ತಾರೀಖು ತಪ್ಪಿರುತ್ತದೆ. ಗೆಳೆಯನಿಗೆ ಸರಿಯಾಗಿ ತೆರೆಯುತ್ತಿದ್ದರೆ ಮೊದಲು ತಾರೀಖು ನೋಡಿ. ದೂರಸಂಪರ್ಕ ಇಲಾಖೆಯ ಸೂಚನೆಯಂತೆ ತಡೆಯಲಾಗಿದೆ ಎಂಬ ಪುಟ ಬಂದರೆ ತಡೆ ಬಿದ್ದಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಇರುವ ಸೈಟ್‌ಗಳಲ್ಲಿ ಈ ಪುಟ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಕಾಣುವುದು 'ಕನೆಕ್ಷನ್ ರೀಸೆಟ್' ಅಥವಾ 'ಟೈಮ್ಡ್ ಔಟ್' ಮಾತ್ರ. ನೋಡಿದವರು ನೆಟ್ ಸರಿಯಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ತಡೆ ಹಾಕುವ ಬಗೆ ಮುಖ್ಯವಾಗಿ ಎರಡು. ಡಿಎನ್‌ಎಸ್ ಎಂಬುದು ಸೈಟಿನ ಹೆಸರು ಹೇಳಿದರೆ ಅದರ ಸಂಖ್ಯೆ ಕೊಡುವ ವ್ಯವಸ್ಥೆ, ಮೊದಲ ಬಗೆಯಲ್ಲಿ ಕಂಪನಿ ಅಲ್ಲೇ ಸುಳ್ಳು ಸಂಖ್ಯೆ ಕೊಡುತ್ತದೆ ಅಥವಾ ಅಂಥ ಹೆಸರೇ ಇಲ್ಲ ಎನ್ನುತ್ತದೆ. ಎರಡನೆಯದನ್ನು ಟಪಾಲಿಗೆ ಹೋಲಿಸಬಹುದು. ಪತ್ರ ಅಂಟಿಸಿದ್ದರೂ ಕವರ್ ಮೇಲಿನ ವಿಳಾಸ ಎಲ್ಲರಿಗೂ ಕಾಣುತ್ತದೆ. ಹಾಗೆಯೇ ಬ್ರೌಸರ್ ಮೊದಲ ಸಂದೇಶದಲ್ಲಿ ಸೈಟಿನ ಹೆಸರನ್ನು ಸಾಮಾನ್ಯವಾಗಿ ಬಯಲಾಗಿ ಕಳಿಸುತ್ತದೆ, ಕಂಪನಿ ಅದನ್ನು ಓದಿ ಸಂಪರ್ಕ ಕಡಿಯುತ್ತದೆ. ಯಾವ ಕಂಪನಿ ಯಾವ ಬಗೆ ಬಳಸಬೇಕು ಎಂಬುದಕ್ಕೆ ಒಂದೇ ನಿಯಮ ಇಲ್ಲ, ಎಲ್ಲರ ಪಟ್ಟಿಯೂ ಒಂದೇ ಆಗಿರುವುದಿಲ್ಲ. ನಿಮ್ಮದೊಂದು ಕಂಪನಿಯ ಸಿಮ್, ಗೆಳೆಯನದು ಇನ್ನೊಂದಾದರೆ ನೀವು ಕಂಡದ್ದು ಇದೇ ಇರಬಹುದು.

ಪರೀಕ್ಷಿಸುವುದು ಸುಲಭ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ 'ಪ್ರೈವೇಟ್ ಡಿಎನ್‌ಎಸ್' ಇರುತ್ತದೆ, ಕೆಲವು ಫೋನಿನಲ್ಲಿ 'ಮೋರ್ ಕನೆಕ್ಷನ್ ಸೆಟ್ಟಿಂಗ್ಸ್' ಒಳಗೆ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಡಿಎನ್‌ಎಸ್ ಡಾಟ್ ಗೂಗಲ್ ಎಂದು ತುಂಬಿ, ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಸೈಟ್ ಬಂದರೆ ತಡೆ ಮೊದಲ ಬಗೆಯದು. ಬರದೆ ರೀಸೆಟ್ ಎಂದೇ ಬಂದರೆ ಎರಡನೆಯದು ಇರಬಹುದು. ನೋಡಿದ ಮೇಲೆ ಅದನ್ನು 'ಆಟೊಮ್ಯಾಟಿಕ್'ಗೆ ಮರಳಿಸಿ, ಇಲ್ಲದಿದ್ದರೆ ಕೆಲವು ವೈಫೈಗಳ ಲಾಗಿನ್ ಪುಟ ಬರುವುದಿಲ್ಲ. ಊನಿ ಪ್ರೋಬ್ ಎಂಬ ಉಚಿತ ಆ್ಯಪ್ ಇನ್ನೂ ವಿವರವಾಗಿ ಹೇಳುತ್ತದೆ. ಆದರೆ ಅದರ ಫಲಿತಾಂಶ ಕಂಪನಿಯ ಹೆಸರಿನೊಡನೆ ಸಾರ್ವಜನಿಕವಾಗುತ್ತದೆ, ತಿಳಿದು ಬಳಸಿ.

ಈಗ 'ದೇವರಿಲ್ಲ ಅಂತ ಬರೆದದ್ದಕ್ಕ' ಎಂಬ ಮಾತು. ಸೈಟ್ ತಡೆಯುವ ಅಧಿಕಾರ ಕೇಂದ್ರಕ್ಕೆ ಬಂದಿರುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಿಂದ. ಅಲ್ಲಿರುವ ಕಾರಣಗಳು ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಕ್ಷಣೆ, ಭದ್ರತೆ, ವಿದೇಶಗಳೊಡನೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಮತ್ತು ಇವಕ್ಕೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ. ನಾಸ್ತಿಕತೆ ಅದರಲ್ಲಿಲ್ಲ, ಧಾರ್ಮಿಕ ಭಾವನೆಗೆ ನೋವು ಎಂಬುದೂ ಇಲ್ಲ. ಒಳಗೆ ಬರುವುದೇನಿದ್ದರೂ ಸುವ್ಯವಸ್ಥೆ ಎಂಬ ಬಾಗಿಲಿನಿಂದ, ಆ ಬಾಗಿಲು ಸಾಕಷ್ಟು ಅಗಲ ಇದೆ.

ಬರೆಯುವವರಿಗೆ ಸಂಬಂಧಿಸಿದ್ದು ಬೇರೆ ಕಲಮು. ಭಾರತೀಯ ನ್ಯಾಯ ಸಂಹಿತೆಯ 299, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 295ಎ, ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಬೇಕೆಂದೇ, ದುರುದ್ದೇಶದಿಂದ ಕೆರಳಿಸಿದರೆ 3 ವರ್ಷದವರೆಗೆ ಶಿಕ್ಷೆ ಎನ್ನುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗುತ್ತದೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಹೂತಿದ್ದರು. ಇದರಿಂದ ಕಾಯಿಲೆ ಹೋಗುವುದಿಲ್ಲ, ಈ ನಂಬಿಕೆ ಸುಳ್ಳು ಎಂದು ಬರೆದರೆ ಅದು ಆ ಕಲಮಿನೊಳಗೆ ಬರುವ ಮಾತಲ್ಲ. ವೈಜ್ಞಾನಿಕ ಮನೋಭಾವ ಬೆಳೆಸುವುದು ಸಂವಿಧಾನದ 51ಎ ವಿಧಿಯ ಪ್ರಕಾರ ನಾಗರಿಕರ ಕರ್ತವ್ಯವೇ. ಹೂತವರ ಜಾತಿ, ಧರ್ಮ ಹಿಡಿದು ಬೈದರೆ ಮಾತ್ರ ದೂರಿಗೆ ದಾರಿ ನೀವೇ ಮಾಡಿಕೊಟ್ಟಂತೆ.

ಸರ್ಕಾರದ ತಡೆ ಎಂದೇ ಅನಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕೇಂದ್ರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವನ್ನು ಆರಿಸಿ. ರಾಜ್ಯದ ಪೋರ್ಟಲ್ ಇದಕ್ಕೆ ನಡೆಯುವುದಿಲ್ಲ. ಶುಲ್ಕ ₹10, ಬಿಪಿಎಲ್ ಇದ್ದವರಿಗೆ ಇಲ್ಲ. 'ಯಾಕೆ ಬಂದ್ ಮಾಡಿದಿರಿ' ಎಂದು ಕೇಳಬೇಡಿ. ಯಾಕೆ ಎಂಬುದಕ್ಕೆ ಉತ್ತರ ಕೊಡಬೇಕಿಲ್ಲ, ದಾಖಲೆ ಕೊಟ್ಟರೆ ಸಾಕು ಎಂದು ಅರ್ಜಿ ವಾಪಸಾಗುತ್ತದೆ. ಸೈಟಿನ ಪೂರ್ತಿ ವಿಳಾಸ, ಸಿಮ್ ಕಂಪನಿ, ನೋಡಿದ ತಾರೀಖು ಬರೆದು ಹೀಗೆ ಕೇಳಿ: ಈ ವಿಳಾಸದ ಮೇಲಿನ ತಡೆ ಆದೇಶದ ಪ್ರತಿ, ಅದರ ದಿನಾಂಕ, 69ಎ ಅಡಿ ಬಂದ 2009ರ ತಡೆ ನಿಯಮಗಳ 8ನೇ ನಿಯಮದಂತೆ ಸೈಟಿನವರಿಗೆ ಕೊಟ್ಟ ನೋಟಿಸ್‌ನ ಪ್ರತಿ, 14ನೇ ನಿಯಮದ ಪರಿಶೀಲನಾ ಸಮಿತಿಯ ನಡಾವಳಿ.

30 ದಿನದೊಳಗೆ ಉತ್ತರ ಬರಬೇಕು. ಬರುವ ಉತ್ತರ ಬಹುತೇಕ ನಿರಾಕರಣೆಯೇ. ಕಾರಣ 16ನೇ ನಿಯಮ, ಅದು ದೂರು ಮತ್ತು ಕ್ರಮ ಎಲ್ಲವನ್ನೂ ಗೌಪ್ಯ ಎನ್ನುತ್ತದೆ. ಈ ನಿಯಮ ತಡೆಗಿಂತ ಕೆಟ್ಟದ್ದು, ಯಾಕೆಂದರೆ ತಪ್ಪಾಗಿ ಬಿದ್ದ ಬೀಗವೂ ಇದರ ಮರೆಯಲ್ಲಿ ಉಳಿದುಬಿಡುತ್ತದೆ. ನಿರಾಕರಣೆ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಅದಕ್ಕೆ ಶುಲ್ಕ ಇಲ್ಲ. ಆರ್‌ಟಿಐ ಕಾಯ್ದೆಯ 22ನೇ ಕಲಮು ಬೇರೆ ಕಾಯ್ದೆಗಳಿಗಿಂತ ಮೇಲೆ ನಿಲ್ಲುತ್ತದೆ, 10ನೇ ಕಲಮಿನಂತೆ ಗುಟ್ಟಿನ ಭಾಗ ಅಳಿಸಿ ಉಳಿದದ್ದು ಕೊಡಬಹುದು ಎಂದು ಅದರಲ್ಲಿ ಬರೆಯಿರಿ.

ಸೈಟ್ ನಡೆಸುವವರಿಗೆ ದಾರಿ ಇನ್ನೂ ಗಟ್ಟಿ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದೇ ಕಾಯ್ದೆಯ 66ಎ (ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸಿದ್ದಕ್ಕೆ ಶಿಕ್ಷೆ ಎನ್ನುತ್ತಿದ್ದ ಕಲಮು) ರದ್ದು ಮಾಡಿ 69ಎ ಉಳಿಸಿತು, ಉಳಿಸುವಾಗ ಆದೇಶದಲ್ಲಿ ಕಾರಣ ಬರೆದಿರಬೇಕು, ಅದನ್ನು ರಿಟ್ ಅರ್ಜಿಯಲ್ಲಿ, ಅಂದರೆ ಸರ್ಕಾರದ ಕ್ರಮದ ವಿರುದ್ಧ ನೇರ ಹೈಕೋರ್ಟಿಗೆ ಹಾಕುವ ಅರ್ಜಿಯಲ್ಲಿ, ಪ್ರಶ್ನಿಸಬಹುದು ಎಂಬುದನ್ನು ಎತ್ತಿ ಹೇಳಿತು. ವರದಕ್ಷಿಣೆಯನ್ನು ಗೇಲಿ ಮಾಡುವ ಸೈಟೊಂದು ಬಂದ್ ಆದಾಗ, 2022ರಲ್ಲಿ ದೆಹಲಿ ಹೈಕೋರ್ಟ್ ಆದೇಶದ ಪ್ರತಿ ಕೊಟ್ಟು ಅವರ ಅಹವಾಲು ಕೇಳಿ ಎಂದಿತು. ರಿಟ್ ಹಾಕಲು ನಮ್ಮ ಕಡೆಯವರು ಬೆಂಗಳೂರಿಗೇ ಹೋಗಬೇಕಿಲ್ಲ, ಕಲಬುರಗಿಯ ಹೈಕೋರ್ಟ್ ಪೀಠ 2013ರಿಂದ ಕಾಯಂ ಆಗಿದೆ.

ಅಲ್ಲಿಯವರೆಗೆ ವೇಬ್ಯಾಕ್ ಮಷಿನ್ ಎಂಬ ಜಾಲ ಸಂಗ್ರಹದಲ್ಲಿ ಆ ವಿಳಾಸ ಹಾಕಿ ಹಳೆಯ ಪ್ರತಿ ಇದೆಯೇ ನೋಡಿ. 2017ರ ಆಗಸ್ಟ್‌ನಲ್ಲಿ ಸಿನಿಮಾ ನಕಲಿನ ಮೊಕದ್ದಮೆಯೊಂದರ ಆದೇಶದಲ್ಲಿ ಸಿಕ್ಕಿ ಆ ಸಂಗ್ರಹವೇ ಭಾರತದಲ್ಲಿ ಬಂದ್ ಆಗಿತ್ತು, ಆದ್ದರಿಂದ ಸಿಕ್ಕಿದ್ದನ್ನು ಇಳಿಸಿಕೊಳ್ಳಿ. ಇನ್ನೂ ಸಲೀಸು ಬೇಕೆಂದರೆ, ಗೆಳೆಯನ ಫೋನಿನ ಬ್ರೌಸರ್‌ನಲ್ಲಿ ಪ್ರಿಂಟ್ ಒತ್ತಿ, 'ಸೇವ್ ಆ್ಯಸ್ ಪಿಡಿಎಫ್' ಆರಿಸಿ ಆ ಗ್ರಹಣದ ಲೇಖನವನ್ನು ವಾಟ್ಸ್‌ಆ್ಯಪ್‌ಗೆ ಕಳಿಸಲು ಹೇಳಿ.