ಬೆಂಕಿಯನ್ನು ಅರ್ಧದಾರಿಯಲ್ಲೇ ತಡೆಯುವ ಲೋಹಗಳು

ಮೇಜಿನ ಮೇಲಿನ ಕಾಗದ ವರ್ಷಗಟ್ಟಲೆ ಗಾಳಿಯಲ್ಲೇ ಬಿದ್ದಿರುತ್ತದೆ, ಹೊತ್ತಿಕೊಳ್ಳುವುದಿಲ್ಲ. ಮರದ ಕುರ್ಚಿ, ಹತ್ತಿಯ ಅಂಗಿ, ನಮ್ಮ ಚರ್ಮ ಕೂಡ ಹಾಗೆಯೇ. ಶಕ್ತಿಯ ಲೆಕ್ಕ ಹಾಕಿದರೆ ಇವೆಲ್ಲ ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಬಿಡಬೇಕು, ಹಾದಿ ಇಳಿಜಾರಿನದೇ. ಆದರೂ ಏನೂ ಆಗುವುದಿಲ್ಲ. ಕಾರಣ ಆಮ್ಲಜನಕದ ಅಣುವಿನೊಳಗಿದೆ. ಅದರಲ್ಲಿ ಎರಡು ಎಲೆಕ್ಟ್ರಾನ್‌ಗಳು ಜೋಡಿಯಾಗದೆ, ಒಂದೇ ದಿಕ್ಕಿನ ಗಿರಕಿ ಹಿಡಿದು ಕೂತಿವೆ. ಸಾವಯವ ಅಣುಗಳಲ್ಲಾದರೋ ಎಲೆಕ್ಟ್ರಾನ್‌ಗಳೆಲ್ಲ ಸಾಮಾನ್ಯವಾಗಿ ಜೋಡಿ ಜೋಡಿ. ಈ ಎರಡು ಬಗೆಯವು ನೇರವಾಗಿ ಕೂಡುವುದಕ್ಕೆ ಕ್ವಾಂಟಂ ನಿಯಮ ಅಡ್ಡ ಬರುತ್ತದೆ. ನಾವು ಉರಿದುಹೋಗದೆ ಉಳಿದಿರುವುದರಲ್ಲಿ ಈ ಅಡ್ಡಿಯ ಪಾಲು ದೊಡ್ಡದು.

ಕಿಡಿ ತಾಗಿಸಿದರೆ ಅಡ್ಡಿ ಮುರಿಯುತ್ತದೆ, ನಿಜ. ಆಮೇಲೆ ಮಾತ್ರ ನಿಲ್ಲಿಸುವವರಿಲ್ಲ, ಬೂದಿಯಾಗುವವರೆಗೂ ಓಟ. ರಸಾಯನ ಕಾರ್ಖಾನೆಗೆ ಬೇಕಾದದ್ದು ಈ ಎರಡು ತುದಿಗಳ ನಡುವೆ ಸಿಗುವ ಆಲ್ಕೋಹಾಲ್, ಆಲ್ಡಿಹೈಡ್, ಕೀಟೋನ್, ಆಮ್ಲಗಳು. ತೊಂದರೆ ಏನೆಂದರೆ, ಈ ನಡುವಿನ ವಸ್ತುಗಳಲ್ಲಿ ಬಹುಪಾಲು ಮೂಲವಸ್ತುವಿಗಿಂತ ಬೇಗ ಉರಿಯುತ್ತವೆ. ಗಾಳಿಯಲ್ಲಿ ಬಿಟ್ಟಿ ಸಿಗುವ ಆಮ್ಲಜನಕವನ್ನು ಸಂಕ್ರಮಣ ಲೋಹಗಳ (ಕಬ್ಬಿಣ, ಕೋಬಾಲ್ಟ್, ಪ್ಲಾಟಿನಂನಂಥವುಗಳ) ಮೂಲಕ ಪಳಗಿಸಿದ್ದೇವೆ ಎಂದು ಪಠ್ಯಪುಸ್ತಕಗಳು ಹೆಮ್ಮೆಪಡುತ್ತವೆ. ಎರಡು ಶತಮಾನಗಳ ಕಥೆಯನ್ನು ಹತ್ತಿರದಿಂದ ನೋಡಿದರೆ ನನಗೆ ಕಾಣುವುದು ಬೇರೆ: ಗೆದ್ದ ಕಡೆಗಳಲ್ಲೆಲ್ಲ ಹೆಚ್ಚುಕಮ್ಮಿ ಯಾವುದೋ ಒಂದು ಅನುಕೂಲ ಮೊದಲೇ ಒದಗಿ ಬಂದಿತ್ತು.

ಮೊದಲ ಪ್ರಯೋಗಶಾಲೆ ಬಹುಶಃ ಚಿತ್ರಕಾರರ ಕೋಣೆ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ‘ಒಣಗುವುದು’ ಎಂದರೆ ನೀರು ಆವಿಯಾಗುವುದಲ್ಲ, ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿ ಪದರವಾಗುವುದು. ಎಣ್ಣೆಯನ್ನು ಸೀಸ ಅಥವಾ ಮ್ಯಾಂಗನೀಸ್ ಸಂಯುಕ್ತಗಳ ಜೊತೆ ಕಾಯಿಸಿದರೆ ಬೇಗ ಒಣಗುತ್ತದೆ ಎಂಬುದು ಕುಶಲಕರ್ಮಿಗಳಿಗೆ ಶತಮಾನಗಳಿಂದ ಗೊತ್ತಿತ್ತು. ಕೋಬಾಲ್ಟ್ ಬಂದಮೇಲೆ ಅದರ ಮುಂದೆ ಉಳಿದವು ಮಂಕಾದವು. ಯಾಕೆ ಎಂಬುದು ತಿಳಿದದ್ದು ಬಹಳ ತಡವಾಗಿ. ಎಣ್ಣೆಯಲ್ಲಿ ನಿಧಾನವಾಗಿ ಹುಟ್ಟುವ ಪೆರಾಕ್ಸೈಡ್‌ಗಳನ್ನು ಕೋಬಾಲ್ಟ್ ಒಂದು ಎಲೆಕ್ಟ್ರಾನ್ ಕೊಟ್ಟು ಒಡೆಯುತ್ತದೆ. ಇನ್ನೊಂದು ಪೆರಾಕ್ಸೈಡ್‌ನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಮೊದಲಿನಂತಾಗುತ್ತದೆ. ಪ್ರತಿ ಸಲವೂ ಒಂಟಿ ಎಲೆಕ್ಟ್ರಾನ್ ಹೊತ್ತ ತುಣುಕೊಂದು ಹೊರಬೀಳುತ್ತದೆ. ಒಂಟಿಗೆ ಒಂಟಿ ಸಿಕ್ಕಮೇಲೆ ಆಮ್ಲಜನಕಕ್ಕೆ ಯಾವ ತಡೆಯೂ ಇಲ್ಲ, ಸರಪಳಿ ಶುರು.

ಪ್ಲಾಟಿನಂ ಕಥೆ ಗಣಿಯಿಂದ ಶುರುವಾಗುತ್ತದೆ. ಗಣಿ ಕಾರ್ಮಿಕರ ಸುರಕ್ಷಾ ದೀಪದ ಕೆಲಸದಲ್ಲಿದ್ದ ಹಂಫ್ರಿ ಡೇವಿ, ಬಿಸಿ ಪ್ಲಾಟಿನಂ ತಂತಿಯನ್ನು ಕಲ್ಲಿದ್ದಲು ಅನಿಲ ಮತ್ತು ಗಾಳಿಯ ಮಿಶ್ರಣದೊಳಗೆ ಇಳಿಬಿಟ್ಟಾಗ ಜ್ವಾಲೆಯೇ ಇಲ್ಲದೆ ತಂತಿ ಕೆಂಪಗೆ ಹೊಳೆಯುತ್ತಲೇ ಇತ್ತು. ಇದನ್ನವನು ಪ್ರಕಟಿಸಿದ್ದು 1817ರಲ್ಲಿ. ಮೂರು ವರ್ಷದ ಬಳಿಕ ಅವನ ಸೋದರಸಂಬಂಧಿ ಎಡ್ಮಂಡ್ ಡೇವಿ ಪ್ಲಾಟಿನಂನ ನುಣ್ಣನೆಯ ಕಪ್ಪು ಪುಡಿ ತಯಾರಿಸಿದ. ಆ ಪುಡಿಯ ಮೇಲೆ ಆಲ್ಕೋಹಾಲ್ ತಣ್ಣಗಿದ್ದಾಗಲೇ ಅಸಿಟಿಕ್ ಆಮ್ಲವಾಗುತ್ತದೆ ಎಂದು ಗುರುತಿಸಿದವನು ಜರ್ಮನಿಯ ಯೇನಾ ಊರಿನ ಡೋಬರೈನರ್. ಕಿಡಿ ಇಲ್ಲ, ಜ್ವಾಲೆ ಇಲ್ಲ, ಕೊನೆಗೆ ಸಿಕ್ಕಿದ್ದು ಬೂದಿಯ ಬದಲು ಹುಳಿ. ತಾನು ಮುಗಿದುಹೋಗದೆ ಕ್ರಿಯೆಯನ್ನು ಚುರುಕುಗೊಳಿಸುವ ಇಂಥ ವಸ್ತುವೇ ಕ್ರಿಯಾವರ್ಧಕ; ಸ್ವೀಡನ್ನಿನ ಬೆರ್ಜೀಲಿಯಸ್ 1835ರಲ್ಲಿ ಇಂಥ ವಿದ್ಯಮಾನಗಳಿಗೆಲ್ಲ ಒಟ್ಟಾಗಿ ‘ಕೆಟಲಿಸಿಸ್’ ಎಂದು ಹೆಸರಿಟ್ಟ. ಹೆಸರು ಸಿಕ್ಕಿತು, ವಿವರಣೆ ಸಿಗಲಿಲ್ಲ.

ಇಪ್ಪತ್ತನೇ ಶತಮಾನದ ಮೊದಲರ್ಧ ಬಿಸಿ ಅನಿಲಗಳದ್ದು. ವೆನೇಡಿಯಂ ಪೆಂಟಾಕ್ಸೈಡ್ ಮೇಲೆ ನ್ಯಾಫ್ತಲೀನ್ ಹಾಯಿಸಿ ಥಾಲಿಕ್ ಅನ್‌ಹೈಡ್ರೈಡ್ ತೆಗೆಯುವುದು ಮೊದಲ ಮಹಾಯುದ್ಧದ ಹೊತ್ತಿಗೆ ಬಂತು. ಈ ಆಕ್ಸೈಡ್ ಕೆಲಸ ಮಾಡುವ ರೀತಿಯನ್ನು ಮಾರ್ಸ್ ಮತ್ತು ಫಾನ್ ಕ್ರೆವೆಲೆನ್ 1954ರಲ್ಲಿ ವಿವರಿಸಿದರು: ಸಾವಯವ ಅಣುವಿಗೆ ಸೇರುವುದು ಗಾಳಿಯ ಆಮ್ಲಜನಕ ಅಲ್ಲ, ಕ್ರಿಯಾವರ್ಧಕದ ಹರಳಿನಲ್ಲೇ ಇರುವ ಆಮ್ಲಜನಕ. ಹೀಗೆ ಖಾಲಿಯಾದ ಜಾಗವನ್ನು ಗಾಳಿ ಆಮೇಲೆ ಬಂದು ತುಂಬುತ್ತದೆ. ಕೈಗಡ ಕೊಟ್ಟು ಮತ್ತೆ ಭರ್ತಿ ಮಾಡಿಕೊಳ್ಳುವ ವ್ಯವಹಾರ ಇದು.

ಬೆಳ್ಳಿಯ ಮೇಲೆ ಎಥಿಲೀನ್ ಆಮ್ಲಜನಕದ ಜೊತೆ ಸೇರಿ ಎಥಿಲೀನ್ ಆಕ್ಸೈಡ್ ಆಗುವುದನ್ನು ಫ್ರಾನ್ಸಿನ ಲೆಫೋರ್ 1931ರಲ್ಲಿ ಕಂಡುಕೊಂಡ. ಆ ಬೆಳ್ಳಿಗೆ ಇವತ್ತಿಗೂ ಸರಿಯಾದ ಬದಲಿ ಇಲ್ಲ. ಆದರೆ ಎಥಿಲೀನ್ ಬಿಟ್ಟು ಅದರ ಪಕ್ಕದ ಅಣ್ಣ ಪ್ರೊಪಿಲೀನ್ ಹಾಕಿ ನೋಡಿ, ಅದೇ ಬೆಳ್ಳಿ ಅದನ್ನು ಹೆಚ್ಚೂಕಡಿಮೆ ಸುಟ್ಟೇಬಿಡುತ್ತದೆ. ಪ್ರೊಪಿಲೀನ್‌ನಲ್ಲಿ ಜೋಡಿಬಂಧದ ಪಕ್ಕದ ಇಂಗಾಲದ ಮೇಲೆ ಸುಲಭವಾಗಿ ಕಿತ್ತು ಬರುವ ಜಲಜನಕಗಳಿವೆ, ಎಥಿಲೀನ್‌ನಲ್ಲಿ ಅವೇ ಇಲ್ಲ. ನಾನು ಹೇಳಿದ ಅನುಕೂಲ ಇದೇ. ಬೆಳ್ಳಿಯ ಜಾಣತನದಲ್ಲಿ ಎಥಿಲೀನ್‌ನ ಪಾಲೂ ಇದೆ.

ಇದರ ಇನ್ನೂ ದೊಡ್ಡ ಉದಾಹರಣೆ ನೀರಿನ ಬಾಟಲಿಯಲ್ಲಿದೆ. ಪೆಟ್ ಪ್ಲಾಸ್ಟಿಕ್‌ಗೂ ಪಾಲಿಯೆಸ್ಟರ್ ಬಟ್ಟೆಗೂ ಬೇಕಾದ ಟೆರೆಥಾಲಿಕ್ ಆಮ್ಲವನ್ನು ಪ್ಯಾರಾ-ಕ್ಸೈಲೀನ್‌ನಿಂದ ತಯಾರಿಸುತ್ತಾರೆ. ಉಂಗುರದ ಎರಡು ತುದಿಯ ಎರಡು ಮೀಥೈಲ್ ಗುಂಪುಗಳನ್ನು ಗಾಳಿಯಿಂದ ಆಮ್ಲವಾಗಿಸಬೇಕು. ಬರೀ ಕೋಬಾಲ್ಟ್ ಹಾಕಿದರೆ ಮೊದಲನೆಯದು ಸಲೀಸಾಗಿ ಆಗುತ್ತದೆ, ಎರಡನೆಯದು ಹಟ ಹಿಡಿಯುತ್ತದೆ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಮಿಡ್-ಸೆಂಚುರಿ ಎಂಬ ಸಣ್ಣ ಸಂಸ್ಥೆಯ ಸಾಫರ್ ಮತ್ತು ಬಾರ್ಕರ್ ಕೋಬಾಲ್ಟ್, ಮ್ಯಾಂಗನೀಸ್ ಜೊತೆಗೆ ಬ್ರೋಮೈಡ್ ಸೇರಿಸಿದರು. ಜಲಜನಕ ಕೀಳುವ ಕೆಲಸವನ್ನು ಬ್ರೋಮಿನ್ ಪರಮಾಣು ವಹಿಸಿಕೊಂಡಿತು, ಹಟಮಾರಿ ಮೀಥೈಲ್ ಮಣಿಯಿತು. ಬಿಸಿ ಅಸಿಟಿಕ್ ಆಮ್ಲದಲ್ಲಿ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒತ್ತಡದ ಗಾಳಿಯಡಿ ನಡೆಯುವ ಈ ಕ್ರಿಯೆ ಸಾಮಾನ್ಯ ಉಕ್ಕನ್ನು ತಿಂದುಹಾಕುತ್ತದೆ. ಟೈಟಾನಿಯಂ ಒಳಪದರದ ಪಾತ್ರೆಗಳೇ ಬೇಕು. ಇಷ್ಟಾದರೂ ಇಳುವರಿ 95 ಪ್ರತಿಶತ ದಾಟುತ್ತದೆ. ಯಾಕೆಂದರೆ ಟೆರೆಥಾಲಿಕ್ ಆಮ್ಲ ಇನ್ನು ಮುಂದೆ ಉತ್ಕರ್ಷಣವಾಗಲು, ಅಂದರೆ ಆಮ್ಲಜನಕದ ಜೊತೆ ಸೇರಲು, ಒಲ್ಲೆನೆನ್ನುವ ವಸ್ತು. ಅದು ದ್ರಾವಕದಲ್ಲಿ ಕರಗುವುದೂ ಕಡಿಮೆ, ಹರಳಾಗಿ ತಳ ಸೇರುತ್ತದೆ. ಬೆಂಕಿ ತಾನಾಗಿ ನಿಂತಿತು, ಯಾರೂ ನಿಲ್ಲಿಸಲಿಲ್ಲ.

ಹಾಗೆ ತಾನಾಗಿ ನಿಲ್ಲದ ಕಡೆ ಏನಾಗುತ್ತದೆ? ನೈಲಾನ್‌ಗೆ ಮೂಲವಾದ ಸೈಕ್ಲೋಹೆಕ್ಸೇನ್ ನೋಡಿ. ಗಾಳಿಯೂದಿ, ಸಾಮಾನ್ಯವಾಗಿ ಕೋಬಾಲ್ಟ್ ಲವಣದ ಸಹಾಯದಿಂದ, ಅದನ್ನು ಸೈಕ್ಲೋಹೆಕ್ಸನಾಲ್ ಮತ್ತು ಸೈಕ್ಲೋಹೆಕ್ಸನೋನ್ ಮಾಡುತ್ತಾರೆ. ಈ ಎರಡೂ ಸೈಕ್ಲೋಹೆಕ್ಸೇನ್‌ಗಿಂತ ಬೇಗ ಉತ್ಕರ್ಷಣವಾಗುತ್ತವೆ. ಉಪಾಯ ಒಂದೇ, ಬೇಗ ನಿಲ್ಲಿಸಿಬಿಡುವುದು. ನೂರು ಭಾಗ ಒಳಗೆ ಹೋದರೆ ನಾಲ್ಕರಿಂದ ಎಂಟು ಭಾಗ ಮಾತ್ರ ಮಾರ್ಪಡುತ್ತದೆ, ಉಳಿದದ್ದನ್ನು ಬೇರ್ಪಡಿಸಿ ಮತ್ತೆ ಮೊದಲಿನಿಂದ ಹಾಯಿಸಬೇಕು. ಹೀಗೆ ಕಾರ್ಖಾನೆಯೊಳಗೆ ಸದಾ ಟನ್‌ಗಟ್ಟಲೆ ಬಿಸಿ ಸೈಕ್ಲೋಹೆಕ್ಸೇನ್ ಸುತ್ತುತ್ತಲೇ ಇರುತ್ತದೆ.

ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಇಂಥ ಆರು ರಿಯಾಕ್ಟರ್‌ಗಳು ಒಂದರ ಪಕ್ಕ ಒಂದು ಮೆಟ್ಟಿಲಿನಂತೆ ನಿಂತಿದ್ದವು. 1974ರ ಮಾರ್ಚ್‌ನಲ್ಲಿ ಐದನೆಯದರಲ್ಲಿ ಬಿರುಕು ಕಂಡಿತು. ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ 20 ಅಂಗುಲದ ಡೊಂಕು ಪೈಪೊಂದನ್ನು ಜೋಡಿಸಿದರು. ಆ ಪೈಪಿಗೆ ಇದ್ದ ನಕ್ಷೆ ಎಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದಷ್ಟೇ. ಜೂನ್ 1ರ ಶನಿವಾರ ಸಂಜೆ ಐದಕ್ಕೆ ಕೆಲವೇ ನಿಮಿಷ ಇರುವಾಗ ಪೈಪು ಕಿತ್ತುಬಂತು. ಹೊರಚೆಲ್ಲಿದ ಸೈಕ್ಲೋಹೆಕ್ಸೇನ್ ಮೋಡವಾಗಿ ಹರಡಿ ಸಿಡಿಯಿತು. 28 ಮಂದಿ ಸತ್ತರು. ವಾರದ ದಿನವಾಗಿದ್ದರೆ ಎಷ್ಟೋ ಪಟ್ಟು ಜನ ಒಳಗಿರುತ್ತಿದ್ದರು. ತಪ್ಪು ಪೈಪಿನದು ಎಂದು ವರದಿಗಳು ಹೇಳುತ್ತವೆ, ಸರಿಯೇ. ಅಷ್ಟೊಂದು ದ್ರವ ಅಲ್ಲಿ ಸುತ್ತುತ್ತಿದ್ದುದು ಯಾಕೆ ಎಂದು ಕೇಳಿದರೆ ಉತ್ತರ ಮಾತ್ರ ರಸಾಯನದೊಳಗಿದೆ: ಕ್ರಿಯೆಯನ್ನು ಬೇಕಾದಲ್ಲಿ ನಿಲ್ಲಿಸುವ ಕ್ರಿಯಾವರ್ಧಕ ಅವರ ಬಳಿ ಇರಲಿಲ್ಲ.

ಇನ್ನೊಂದು ದಾರಿ ಇದಕ್ಕಿಂತ ಚತುರವಾದದ್ದು. ಎಥಿಲೀನನ್ನು ಪಲ್ಲಾಡಿಯಂ ಕ್ಲೋರೈಡ್ ಬೆರೆಸಿದ ನೀರಿಗೆ ಹಾಯಿಸಿದರೆ ಅಸಿಟಾಲ್ಡಿಹೈಡ್ ಸಿಗುತ್ತದೆ, ಪಲ್ಲಾಡಿಯಂ ಕಪ್ಪು ಲೋಹವಾಗಿ ಉದುರುತ್ತದೆ. ಇದನ್ನು ಫಿಲಿಪ್ಸ್ ಎಂಬ ರಸಾಯನಜ್ಞ 1894ರಲ್ಲೇ ದಾಖಲಿಸಿದ್ದ. ಇಷ್ಟು ದುಬಾರಿ ಲೋಹ ಒಂದೇ ಸಲಕ್ಕೆ ಮುಗಿದುಹೋದರೆ ಯಾರಿಗೆ ಬೇಕು? ಅರವತ್ತು ವರ್ಷ ಅದು ಹಾಗೇ ಬಿದ್ದಿತ್ತು. 1950ರ ದಶಕದ ಕೊನೆಯಲ್ಲಿ ಮ್ಯೂನಿಕ್‌ನ ವಾಕರ್ ಕಂಪನಿಯ ಸಂಶೋಧನಾ ಘಟಕದಲ್ಲಿ ಯೂರ್ಗೆನ್ ಸ್ಮಿಟ್ ಮತ್ತು ಸಂಗಡಿಗರು ಅದಕ್ಕೆ ತಾಮ್ರದ ಕ್ಲೋರೈಡ್ ಸೇರಿಸಿದರು. ಉದುರಲು ಹೊರಟ ಪಲ್ಲಾಡಿಯಂನಿಂದ ತಾಮ್ರ ಎರಡು ಎಲೆಕ್ಟ್ರಾನ್ ಕಸಿದು ಅದನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ತಾಮ್ರದ ಕೈಯಿಂದ ಅವನ್ನು ಆಮ್ಲಜನಕ ಒಯ್ಯುತ್ತದೆ. ಬಾವಿಯಿಂದ ನೀರು ಸೇದುವವರ ಸಾಲಿನಂತೆ, ಕೊಡ ಕೈಯಿಂದ ಕೈಗೆ.

ಇಲ್ಲಿನ ಸೊಗಸು ತುಸು ಹೊತ್ತು ನಿಂತು ನೋಡುವಂಥದ್ದು. ಅಸಿಟಾಲ್ಡಿಹೈಡ್‌ನೊಳಗೆ ಸೇರುವ ಆಮ್ಲಜನಕದ ಪರಮಾಣು ಗಾಳಿಯದ್ದಲ್ಲ, ನೀರಿನದ್ದು. ಗಾಳಿಯ ಆಮ್ಲಜನಕಕ್ಕೂ ಎಥಿಲೀನ್‌ಗೂ ಮುಖಾಮುಖಿಯೇ ಆಗುವುದಿಲ್ಲ. ಅತಿಥಿಯನ್ನು ಹಜಾರದಲ್ಲೇ ಕೂರಿಸಿ, ಅಡುಗೆಮನೆಗೆ ಬಿಡದೆ, ಅವನಿಂದ ಆಗಬೇಕಾದ ಕೆಲಸ ಮಾಡಿಸಿಕೊಂಡ ಹಾಗೆ. ಅಸಿಟಾಲ್ಡಿಹೈಡ್‌ನಿಂದ ಮಾಡುತ್ತಿದ್ದ ಅಸಿಟಿಕ್ ಆಮ್ಲವನ್ನು ಮೆಥನಾಲ್‌ನಿಂದ ತೆಗೆಯುವುದು ಅಗ್ಗವಾದ ಮೇಲೆ ಈ ಕಾರ್ಖಾನೆಗಳ ವೈಭವ ಇಳಿಯಿತು, ಉಪಾಯ ಮಾತ್ರ ಉಳಿದುಕೊಂಡಿತು.

ಜೀವಕೋಶ ಮಾತ್ರ ಆಮ್ಲಜನಕವನ್ನು ನೇರವಾಗಿ ಒಳಬಿಡುವ ಅಪಾಯದ ದಾರಿಯನ್ನೇ ಹಿಡಿದಿದೆ. ಬಹುಕಾಲ ವಿಜ್ಞಾನಿಗಳು ಇದನ್ನು ನಂಬಿರಲಿಲ್ಲ. ಜೀವದ ಉತ್ಕರ್ಷಣ ಎಂದರೆ ಜಲಜನಕ ತೆಗೆಯುವುದು, ಆಮ್ಲಜನಕ ಬರೀ ಎಲೆಕ್ಟ್ರಾನ್ ಹೊರುವ ಕೂಲಿ ಎಂಬುದು ಹೈನ್ರಿಶ್ ವೀಲಾಂಡ್ ಬಿಟ್ಟುಹೋದ ಗಟ್ಟಿ ನಂಬಿಕೆ. 1955ರಲ್ಲಿ ಜಪಾನಿನ ಒಸಾಮು ಹಯಾಯಿಶಿ ಮತ್ತು ಅಮೆರಿಕದ ಹೋವರ್ಡ್ ಮೇಸನ್ ಬೇರೆ ಬೇರೆಯಾಗಿ, ಭಾರದ ಆಮ್ಲಜನಕ-18 ಬಳಸಿ, ಗಾಳಿಯ ಪರಮಾಣು ನೇರವಾಗಿ ಸಾವಯವ ಅಣುವಿಗೆ ಸೇರುವುದನ್ನು ತೋರಿಸಿದರು. ಔಷಧಗಳನ್ನು ಮಾರ್ಪಡಿಸುವ ನಮ್ಮ ಯಕೃತ್ತಿನ ಪಿ-450 ಕಿಣ್ವಗಳು ಈ ಬಗೆಯವೇ. ಅವುಗಳಲ್ಲಿರುವ ಕಬ್ಬಿಣ ಆಮ್ಲಜನಕದ ಅಣುವನ್ನು ಹಿಡಿದು ಎರಡಾಗಿ ಸೀಳುತ್ತದೆ. ಒಂದು ಪರಮಾಣು ಔಷಧದ ಅಣುವಿಗೆ ಸೇರಿದರೆ ಇನ್ನೊಂದು ನೀರಾಗುತ್ತದೆ. ಆ ಎರಡನೆಯದನ್ನು ನೀರಾಗಿಸಲು ಜೀವಕೋಶ ತನ್ನ ಎರಡು ಎಲೆಕ್ಟ್ರಾನ್ ವ್ಯಯಿಸುತ್ತದೆ. ಜೀವಕೋಶಕ್ಕೆ ಈ ದುಂದು ಗಿಟ್ಟುತ್ತದೆ, ಟನ್ ಲೆಕ್ಕದಲ್ಲಿ ಮಾರುವವರಿಗೆ ಗಿಟ್ಟುವುದಿಲ್ಲ.

ದೊಡ್ಡ ಕಾರ್ಖಾನೆಗಳು ಗಾಳಿಯಲ್ಲಿ ಇಷ್ಟೆಲ್ಲ ಮಾಡುತ್ತಿದ್ದಾಗ ಪ್ರಯೋಗಾಲಯದ ಮೇಜು ಎಲ್ಲಿತ್ತು? ಕ್ರೋಮಿಕ್ ಆಮ್ಲದಲ್ಲಿ. ಕಿತ್ತಳೆ ಬಣ್ಣದ ದ್ರಾವಣ ಹನಿಹನಿಯಾಗಿ ಬಿದ್ದು ಹಸಿರಾಗುವುದನ್ನು ಕಾಲೇಜಿನಲ್ಲಿ ಕಂಡವರಿಗೆ ನೆನಪಿರುತ್ತದೆ. ಸಾಮಾನು ತೊಳೆಯುವಾಗ ಕೈಗಂಟಿದ ಹಸಿರು ಕೆಸರೂ ನೆನಪಿರಬೇಕು. ಆ ಕಿತ್ತಳೆ ದ್ರಾವಣದಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ರಸಾಯನಜ್ಞ ರೋಜರ್ ಶೆಲ್ಡನ್ 1992ರಲ್ಲಿ ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ಕಸ ಎಂದು ಲೆಕ್ಕ ಹಾಕಿ ತೋರಿಸಿದಾಗ, ಪೆಟ್ರೋಲಿಯಂ ಉದ್ಯಮಕ್ಕಿಂತ ಔಷಧ ಉದ್ಯಮದ ಅಂಕಿ ನೂರಾರು ಪಟ್ಟು ದೊಡ್ಡದಿತ್ತು. 2000ದಲ್ಲಿ ಅವರದೇ ತಂಡ ನೀರಿನಲ್ಲಿ ಕರಗುವ ಪಲ್ಲಾಡಿಯಂ ಮತ್ತು ಗಾಳಿಯಿಂದ ಆಲ್ಕೋಹಾಲ್ ಉತ್ಕರ್ಷಣ ಮಾಡಿತು. ತಾಮ್ರದ ಜೊತೆ ಟೆಂಪೋ ಎಂಬ, ಒಂಟಿ ಎಲೆಕ್ಟ್ರಾನ್ ಹೊತ್ತೂ ಸ್ಥಿರವಾಗಿರುವ ರ‍್ಯಾಡಿಕಲ್ ಸೇರಿಸುವ ವಿಧಾನವನ್ನು ಸೆಮ್ಮೆಲ್‌ಹ್ಯಾಕ್ 1984ರಲ್ಲಿ ತಂದಿದ್ದರು; 2011ರಲ್ಲಿ ವಿಸ್ಕಾನ್ಸಿನ್‌ನ ಶ್ಯಾನನ್ ಸ್ಟಾಲ್ ತಂಡ ಅದನ್ನು ಮಾಮೂಲಿ ಗಾಳಿಯಲ್ಲಿ, ಕೋಣೆಯ ಉಷ್ಣತೆಯಲ್ಲೇ ಓಡುವಂತೆ ಸುಧಾರಿಸಿತು. ಆದರೂ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ದ್ರಾವಕದ ಆವಿ, ಆಮ್ಲಜನಕ ಎರಡೂ ಒಂದೇ ಪಾತ್ರೆಯಲ್ಲಿ ಎಂದ ಕೂಡಲೇ ಹುಬ್ಬೇರಿಸುತ್ತಾರೆ, ಏರಿಸಬೇಕಾದ್ದೇ. ಅದಕ್ಕೇ ಅನೇಕ ಕಡೆ ಸಾರಜನಕ ಬೆರೆಸಿ ಆಮ್ಲಜನಕವನ್ನು 10 ಪ್ರತಿಶತಕ್ಕಿಂತ ಕೆಳಗಿಟ್ಟು, ಕಿರಿದಾದ ಕೊಳವೆಯಲ್ಲಿ ಹರಿಸುತ್ತಾರೆ.

ಎಲ್ಲರ ಕಣ್ಣೂ ಇರುವುದು ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನ್ ಮೇಲೆ. ಅದನ್ನು ನೇರವಾಗಿ ಮೆಥನಾಲ್ ಮಾಡಬೇಕು, ಮೆಥನಾಲ್ ಮಾತ್ರ ಮೀಥೇನ್‌ಗಿಂತ ಬೇಗ ಉರಿಯುತ್ತದೆ. ಕ್ಸೈಲೀನ್‌ನಲ್ಲಿದ್ದ ಅನುಕೂಲ ಇಲ್ಲಿಲ್ಲ. ಕೆಸರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಕಬ್ಬಿಣ ಅಥವಾ ತಾಮ್ರ ಹೊತ್ತ ಕಿಣ್ವದಿಂದ ಈ ಕೆಲಸವನ್ನು ತಣ್ಣಗೆ ಮಾಡಿ ಮುಗಿಸುತ್ತವೆ. ರಷ್ಯಾದ ಶಿಲೋವ್ ಸುಮಾರು 1970ರಲ್ಲಿ ಪ್ಲಾಟಿನಂ ಲವಣಗಳಿಂದ ಇದು ಸಾಧ್ಯ ಎಂದು ತೋರಿಸಿದರು, ಆದರೆ ಉತ್ಕರ್ಷಕವಾಗಿ ಬೇಕಾದದ್ದೂ ಪ್ಲಾಟಿನಂ. ಪೆರಿಯಾನಾ ತಂಡ 1998ರಲ್ಲಿ ಅದೇ ಪ್ಲಾಟಿನಂ ಅನ್ನು ಕಾದ ಗಂಧಕಾಮ್ಲದಲ್ಲಿಟ್ಟು 70 ಪ್ರತಿಶತಕ್ಕೂ ಹೆಚ್ಚು ಇಳುವರಿ ತೆಗೆಯಿತು. ಮೆಥನಾಲ್ ಅಲ್ಲಿ ಸಲ್ಫೇಟ್ ರೂಪದಲ್ಲಿ ಬಂಧಿಯಾಗಿ, ಮುಂದೆ ಉರಿಯದೆ ಉಳಿಯುತ್ತದೆ. ಆಮ್ಲದಿಂದ ಅದನ್ನು ಬಿಡಿಸುವ ಖರ್ಚು ಲಾಭವನ್ನು ನುಂಗಿತು. ಕಾರ್ಖಾನೆಗಳು ಈಗಲೂ ಹಳೆಯ ದಾರಿಯಲ್ಲೇ ಇವೆ: ಮೀಥೇನನ್ನು 800 ಡಿಗ್ರಿಗೂ ಮೇಲೆ ಕಾಯಿಸಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕವಾಗಿ ಚೂರುಮಾಡುವುದು, ಆಮೇಲೆ ತಾಮ್ರದ ಮೇಲೆ ಆ ಚೂರುಗಳನ್ನು ಮತ್ತೆ ಜೋಡಿಸುವುದು.